ಬಣ್ಣಕ್ಕೆ ಮೊದಲು ಮರದ ಬಾಯಿ ಮುಚ್ಚಿ

ಯಕ್ಷಗಾನ ತಿರುಗಾಟದ ಕೊನೆಯ ದಿನವಾದ ಪತ್ತನಾಜೆ ಮುಗಿದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಕರಾವಳಿಯ ಸೌಂಡ್ಸ್‌ನವರ ಸ್ಪೀಕರ್ ಬಾಕ್ಸ್‌ಗಳಲ್ಲೂ ಬಹಳಷ್ಟು ಗೋದಾಮು ಸೇರುತ್ತವೆ. ಮಳೆಗಾಲದಲ್ಲಿ ಅವಕ್ಕೆ ಕೆಲಸ ಕಡಿಮೆ, ತೇವ ಜಾಸ್ತಿ. ಚೌತಿಗೆ ಹೊರತೆಗೆಯುವಾಗ ಊರಲ್ಲೇ ಮಾಡಿಸಿದ ಬಾಕ್ಸ್‌ಗಳ ಮೂಲೆ ಉಬ್ಬಿರುವುದು, ಅಂಚಿನುದ್ದಕ್ಕೂ ಬಣ್ಣ ಸೀಳಿರುವುದು ಅಪರೂಪವಲ್ಲ. ಬೈಗುಳ ತಿನ್ನುವುದು ಪೇಂಟು, ಇಲ್ಲವೇ ಪ್ಲೈವುಡ್ ಅಂಗಡಿ. ನಿಜವಾದ ಲೋಪ ಬಹುಪಾಲು ಇವೆರಡರ ನಡುವೆ ಇರುತ್ತದೆ. ಬಣ್ಣ ಬಳಿಯುವ ಮುನ್ನ ಯಾರೂ ಸೀಲರ್ ಹಚ್ಚಿ ಮರದ ಬಾಯಿ ಮುಚ್ಚಿರುವುದಿಲ್ಲ.

ಪ್ಲೈವುಡ್ಡಿನಲ್ಲಿ ತೆಳು ಪದರಗಳನ್ನು ಒಂದರ ಎಳೆ ಉದ್ದಕ್ಕೆ, ಮುಂದಿನದರ ಎಳೆ ಅಡ್ಡಕ್ಕೆ ಬರುವಂತೆ ಅಂಟಿಸಿರುತ್ತಾರೆ. ಹಲಗೆ ಸೊಟ್ಟಗಾಗದೆ ನಿಲ್ಲುವುದು ಇದರಿಂದಲೇ. ಆದರೆ ಗರಗಸ ಹಾಯ್ದ ಅಂಚಿನಲ್ಲಿ ಪದರ ಬಿಟ್ಟು ಪದರದ ನಾಳಗಳು ತೆರೆದುಕೊಳ್ಳುತ್ತವೆ. ಮರ ಬದುಕಿದ್ದಾಗ ಬೇರಿನ ನೀರನ್ನು ಎಲೆಗೆ ಏರಿಸುತ್ತಿದ್ದ ನಾಳಗಳವು. ಮೊದಲ ಕೋಟ್ ಪೇಂಟನ್ನು ಅವು ಕುಡಿದುಬಿಡುತ್ತವೆ; ಪಕ್ಕದ ಪದರ ಕುಡಿಯುವುದಿಲ್ಲ. ಅಂಚು ಪಟ್ಟೆ ಪಟ್ಟೆಯಾಗಿ ಕಾಣುವುದು ಹೀಗೆ. ಮುಂದೆ ತೇವ ಒಳನುಗ್ಗುವುದೂ ಅದೇ ದಾರಿಯಲ್ಲಿ.

‘ಮರೈನ್ ಪ್ಲೈ ತಂದಿದ್ದೇವೆ, ಸೀಲರ್ ಯಾಕೆ?’ ಎಂದು ಕೇಳುವವರಿದ್ದಾರೆ. ಐಎಸ್ 710 ಗುರುತಿನ ಪ್ಲೈವುಡ್ಡನ್ನು 72 ಗಂಟೆ ಕುದಿಯುವ ನೀರಿನಲ್ಲಿಟ್ಟು ಪರೀಕ್ಷಿಸುತ್ತಾರೆ, ನಿಜ. ಆ ಪರೀಕ್ಷೆ ಅಂಟಿನದು. ಪದರಗಳು ಬಿಟ್ಟುಕೊಳ್ಳುವುದಿಲ್ಲ ಎಂಬ ಭರವಸೆಯಷ್ಟೇ ಅದರಿಂದ ಸಿಗುತ್ತದೆ. ಅಂಟಿನ ನಡುವೆ ಇರುವುದು ಮರವೇ: ಗರ್ಜನ್, ನೀಲಗಿರಿ, ಅಥವಾ ಕೊಡಗು–ಚಿಕ್ಕಮಗಳೂರಿನ ಕಾಫಿ ತೋಟದಿಂದ ಬಂದ ಸಿಲ್ವರ್ ಓಕ್. ಅದು ನೀರು ಹೀರುತ್ತದೆ, ದಪ್ಪಗಾಗುತ್ತದೆ, ಮೇಲಿನ ಬಣ್ಣವನ್ನು ಒಡೆಯುತ್ತದೆ.

ಮರದ ಬಾಯಿ ಮುಚ್ಚುವುದು ಅಂದದ ಪ್ರಶ್ನೆ ಮಾತ್ರವಲ್ಲ, ಸದ್ದಿನ ಪ್ರಶ್ನೆಯೂ ಹೌದು. ಅಮೆರಿಕದ ಎಡ್ಗರ್ ವಿಲ್ಚರ್ 1954ರಲ್ಲಿ ಎಆರ್-1 ಸ್ಪೀಕರ್ ತಂದಾಗ, ಮುಚ್ಚಿದ ಪೆಟ್ಟಿಗೆಯೊಳಗಿನ ಗಾಳಿಯನ್ನೇ ಸ್ಪ್ರಿಂಗ್ ಆಗಿ ದುಡಿಸಿಕೊಂಡರು. ಚಿಕ್ಕ ಪೆಟ್ಟಿಗೆಯಿಂದ ತುಂಬಿದ ಬಾಸ್ ಬಂದದ್ದು ಹಾಗೆ. ಅಂಥ ಪೆಟ್ಟಿಗೆಯಲ್ಲಿ ಜಾಯಿಂಟ್ ಸೋರಿದರೆ ಸ್ಪ್ರಿಂಗ್ ಸಡಿಲಾದಂತೆಯೇ. ಅಗ್ಗದ ಪ್ಲೈವುಡ್ಡಿನ ಒಳಪದರದ ಟೊಳ್ಳು ಸ್ಪೀಕರ್ ಕೂರುವ ರಂಧ್ರದ ಅಂಚಿನಲ್ಲಿ ಬಾಯ್ತೆರೆದಿದ್ದರೆ, ಜೋರಾಗಿ ನುಡಿಸಿದಾಗ ಅಲ್ಲಿಂದ ಕರಕರ ಸದ್ದು ಬರಬಹುದು. ಅದಕ್ಕಾಗಿ ಕೋನ್ ಬದಲಿಸಿದರೆ ದುಡ್ಡು ದಂಡ.

ಮಾಡಬೇಕಾದ್ದು ದೊಡ್ಡ ವಿದ್ಯೆಯೇನಲ್ಲ, ತಾಳ್ಮೆಯ ಕೆಲಸ. ಟೊಳ್ಳು, ಸ್ಕ್ರೂ ಕುಳಿಗಳಿಗೆ ಪುಟ್ಟಿ ತುಂಬಿ ಪೂರ್ತಿ ಒಣಗಲು ಬಿಡಬೇಕು. 120ರ, ನಂತರ 180ರ ಸ್ಯಾಂಡ್ ಪೇಪರ್‌ನಲ್ಲಿ ಉಜ್ಜಿ ಧೂಳು ಒರೆಸಬೇಕು. ಮೊದಲ ಕೋಟ್ ಸೀಲರ್‌ಗೆ ಥಿನ್ನರ್ ಬೆರೆಸಿ ನೀರಾಗಿಸಿದರೆ ಅದು ಆಳಕ್ಕಿಳಿಯುತ್ತದೆ. ಒಣಗಿದ ಮೇಲೆ ಮರದ ನವಿರು ಎಳೆಗಳು ಎದ್ದು ನಿಲ್ಲುತ್ತವೆ. 220ರಲ್ಲಿ ಹಗುರವಾಗಿ ಉಜ್ಜಿ ಮತ್ತೆ ಹಚ್ಚಬೇಕು. ಅಂಚು ಹೀರುವುದನ್ನು ನಿಲ್ಲಿಸುವವರೆಗೆ ಅಂಚಿಗೆ ಮಾತ್ರ ಇನ್ನೊಂದು, ಮತ್ತೊಂದು ಕೋಟ್. ಪ್ರೈಮರ್, ಪೇಂಟಿನ ಸರದಿ ಆಮೇಲೆ. ನೀರು ಬೆರೆಸಿದ ಫೆವಿಕಾಲ್ ಬಳಿಯುವ ರೂಢಿ ಕೆಲವರಲ್ಲಿದೆ. ಮನೆಯ ಹಾಲ್‌ನಲ್ಲಿ ಕೂರುವ ಬಾಕ್ಸ್‌ಗೆ ಅದು ನಡೆದೀತು. ಟೆಂಪೋ ಹತ್ತಿ ಊರೂರು ಸುತ್ತುವ ಬಾಕ್ಸ್‌ಗೆ ಎಪಾಕ್ಸಿ ಅಥವಾ ಪಿಯು (ಪಾಲಿಯುರೆಥೇನ್) ಸೀಲರೇ ಸರಿ, ಏಕೆಂದರೆ ಸಾಮಾನ್ಯ ಬಿಳಿ ಅಂಟು ಒಣಗಿದ ಮೇಲೂ ತೇವಕ್ಕೆ ಮೆತ್ತಗಾಗುತ್ತದೆ.

ಪೆಟ್ಟಿಗೆಯ ಒಳಮೈ, ಕೆಳಭಾಗ, ವೈರ್ ಹಾಯುವ ತೂತು, ಹಿಡಿಕೆ ಕೂರುವ ಕಂಡಿ ಬಿಟ್ಟುಹೋಗುವುದೇ ಹೆಚ್ಚು. ಹೊರಗೆ ಮಾತ್ರ ಸೀಲ್ ಮಾಡಿದ ಹಲಗೆ ಒಳಗಿನಿಂದ ತೇವ ಎಳೆದುಕೊಳ್ಳುತ್ತದೆ. ಇನ್ನೊಂದು ಮಾತು: ಥಿನ್ನರ್‌ನ ಆವಿ ಶ್ವಾಸಕೋಶಕ್ಕೂ ಕೆಟ್ಟದ್ದು, ಬೆಂಕಿಗೂ ಹತ್ತಿರ. ಬಾಗಿಲು ಹಾಕಿದ ಕೋಣೆಯಲ್ಲಿ ಈ ಕೆಲಸ ಬೇಡವೇ ಬೇಡ.

ಬಾಕ್ಸ್ ಮಾಡಿಸುವವರು ಸ್ಪೀಕರ್‌ಗೆ ಸಾವಿರಗಟ್ಟಲೆ ಸುರಿದು, ಬಡಗಿಗೆ ‘ನಾಳೆಯೇ ಬೇಕು’ ಎಂದು ಅವಸರ ಹಚ್ಚುತ್ತಾರೆ. ಉಜ್ಜಿ ಒಣಗಿಸುವ ದಿನಗಳಿಗೆ ಕೂಲಿ ಕೊಡದಿದ್ದರೆ ಆ ಕೆಲಸ ಆಗುವುದೂ ಇಲ್ಲ. ಮುಂದಿನ ಬಾರಿ ಬಾಕ್ಸ್ ಮಾಡಿಸುವಾಗ ಎಸ್ಟಿಮೇಟಿನಲ್ಲಿ ಸೀಲರ್‌ಗೂ ಅದರ ಕೂಲಿಗೂ ಪ್ರತ್ಯೇಕ ಸಾಲು ಬರೆಸಿ, ಪೇಂಟ್ ಹಚ್ಚುವ ಮುನ್ನ ಒಮ್ಮೆ ಹೋಗಿ ಅಂಚನ್ನು ಕೈಯಿಂದ ಮುಟ್ಟಿ ನೋಡಿ.