ಮಾರಿಹೋದ ಹಾಡು ಮರಳಿ ಬಂದುದು

ಪ್ರೇಮಗೀತವೆಂದೊಡನೆ ಅದರ ಹಿಂದೆ ಒಬ್ಬ ನಲ್ಲೆ ಇದ್ದೇ ಇರಬೇಕೆಂದು ನಾವು ಊಹಿಸುವುದುಂಟು. ಈ ತಿಂಗಳು ವಾಚಕರ ಮುಂದಿಡುವ ‘ಮೆಲಿಸ್ಸಾ’ ಎಂಬ ಹಾಡಿನ ಕಥೆ ಬೇರೆ ತೆರನಾದುದು.

ಅಮೆರಿಕಾದ ದಕ್ಷಿಣ ಸಂಸ್ಥಾನಗಳಲ್ಲಿ ಬ್ಲೂಸ್, ಕಂಟ್ರಿ, ರಾಕ್ ಎಂಬ ಗಾನಪದ್ಧತಿಗಳು ಬೆರೆತು 1970ರ ಸುಮಾರಿಗೆ ‘ಸದರ್ನ್ ರಾಕ್’ ಎಂಬ ಶೈಲಿಯು ರೂಪುಗೊಂಡಿತು. ಅದರ ಆದ್ಯರಲ್ಲಿ ಡ್ವೇನ್ ಮತ್ತು ಗ್ರೆಗ್ ಆಲ್ಮನ್ ಎಂಬ ಸೋದರರು ಪ್ರಸಿದ್ಧರು. 1949ರಲ್ಲಿ ತಂದೆಯು ಕೊಲೆಗೀಡಾದಾಗ ಇವರಿಗೆ 3 ಮತ್ತು 2 ವರುಷ. ತಾಯಿಯೊಬ್ಬಳೇ ಸಾಕಿದಳು. ಅಣ್ಣನೇ ತಮ್ಮನಿಗೆ ಆಸರೆಯಾದನು.

1967ರ ಸುಮಾರಿನಲ್ಲಿ ಫ್ಲಾರಿಡಾದ ಪೆನ್ಸಕೋಲಾ ನಗರದ ವಸತಿಗೃಹವೊಂದರಲ್ಲಿ ಗ್ರೆಗ್ ಅಣ್ಣನ ಗಿಟಾರನ್ನೆತ್ತಿಕೊಂಡು ಈ ಹಾಡನ್ನು ಕಟ್ಟತೊಡಗಿದನು. ಮಾತುಗಳು ಬಂದವು, ನಾಯಿಕೆಯ ಹೆಸರು ಮಾತ್ರ ಬಾರದು. ಏನನ್ನಿಟ್ಟು ನೋಡಿದರೂ ಲಯಕ್ಕೆ ಹೊಂದದು. ಅವನೇ ಹೇಳಿಕೊಂಡಿರುವಂತೆ, ಒಂದು ರಾತ್ರಿ ಅಂಗಡಿಗೆ ಹೋದಾಗ ಪುಟ್ಟ ಹುಡುಗಿಯೊಬ್ಬಳು ಓಡತೊಡಗಿದಳು. ಜೊತೆಗಿದ್ದ ಹೆಂಗಸು ‘ಮೆಲಿಸ್ಸಾ’ ಎಂದು ಕೂಗಿ ಕರೆದಳು. ಹೆಸರು ದೊರೆಯಿತು!

ಆದರೆ ಹಾಡಿಗೆ ಬೆಲೆ ಬರಲಿಲ್ಲ. ಕೈಬರಿದಾದ ಕಾಲದಲ್ಲಿ ಗ್ರೆಗ್ ಅದರ ಹಕ್ಕನ್ನು ಅಲ್ಪ ಹಣಕ್ಕೆ ಮಾರಿಬಿಟ್ಟನು. 1969ರಲ್ಲಿ ಸೋದರರು ಕೂಡಿಸಿದ ಆಲ್ಮನ್ ಬ್ರದರ್ಸ್ ವಾದ್ಯಮೇಳಕ್ಕೆ ಅದು ತೀರ ಮೃದುವೆಂದೂ ಅವನಿಗೆ ತೋರಿತು. ಡ್ವೇನನಿಗೆ ಮಾತ್ರ ಅದು ಬಲು ಅಚ್ಚುಮೆಚ್ಚು.

1971ರ ಅಕ್ಟೋಬರ್ 29ರಂದು ಜಾರ್ಜಿಯಾದ ಮೇಕನ್ ನಗರದಲ್ಲಿ ಮೋಟಾರ್ ಸೈಕಲ್ ಅಪಘಾತದಿಂದ ಡ್ವೇನನು ಮೃತನಾದನು. ವಯಸ್ಸು 24. ಅಣ್ಣನ ಅಂತ್ಯಸಂಸ್ಕಾರದ ಸಭೆಯಲ್ಲಿ ತಮ್ಮನು ಹಾಡಿದುದು ಈ ಹಾಡನ್ನೇ. ಅನಂತರ ಮೇಳದ ವ್ಯವಸ್ಥಾಪಕ ಫಿಲ್ ವಾಲ್ಡನ್ ಮಾರಿಹೋಗಿದ್ದ ಹಕ್ಕಿನ ಅರ್ಧವನ್ನು ಮರಳಿ ಕೊಂಡುಕೊಟ್ಟನು. 1972ರಲ್ಲಿ ‘ಈಟ್ ಎ ಪೀಚ್’ ಎಂಬ ಧ್ವನಿಮುದ್ರಿಕೆಯಲ್ಲಿ ಹಾಡು ಲೋಕದ ಕಿವಿಗೆ ಬಿದ್ದಿತು. ಅದರಲ್ಲಿ ಗಿಟಾರನ್ನು ಮಿಡಿದವನು ಡಿಕಿ ಬೆಟ್ಸ್. ಮೆಚ್ಚಿದ್ದ ಅಣ್ಣನು ಕೇಳಲು ಇರಲಿಲ್ಲ.

ಗ್ರೆಗ್ 2017ರಲ್ಲಿ ಕಾಲವಾದನು. ಮೇಕನ್ನಿನ ರೋಸ್ ಹಿಲ್ ಸ್ಮಶಾನದಲ್ಲಿ ಅಣ್ಣನ ಬಳಿಯಲ್ಲೇ ಅವನ ಸಮಾಧಿ.

ನಲ್ಲೆಯ ಹೆಸರು ಅಪರಿಚಿತಳ ಕೂಗಿನಿಂದ ಬಂದಿತು; ಹಾಡಿನ ಉಸಿರು ಒಡಹುಟ್ಟಿದವನ ಮೆಚ್ಚಿಕೆಯಿಂದ ಉಳಿಯಿತು. ನಮ್ಮ ನಮ್ಮ ಮನೆಗಳಲ್ಲಿಯೂ ಹಾಡುವ, ಬರೆಯುವ, ಹೊಲಿಯುವ ಕೈಗಳುಂಟು. ‘ಚೆನ್ನಾಗಿದೆ’ ಎಂಬ ಒಂದು ಮಾತನ್ನು ನಾವು ನಾಳೆಗೆಂದು ಇಟ್ಟುಕೊಳ್ಳಬಾರದು. ಡ್ವೇನನು ಇಟ್ಟುಕೊಂಡಿರಲಿಲ್ಲ.