‘ಆಕಸ್ಮಿಕ’ವೆಂಬ ಅಡಗುದಾಣ

ಪದಗಳಿಗೂ ಪಾಪವುಂಟೆ ಎಂದು ವಾಚಕ ಮಹಾಶಯರು ಕೇಳಬಹುದು. ಪದಗಳಿಗಿಲ್ಲ, ಅವುಗಳ ಮರೆಯಲ್ಲಿ ಅಡಗಿಕೊಳ್ಳುವವರಿಗೆ ಉಂಟು. ಇಂದಿನ ಪತ್ರಿಕೆಗಳಲ್ಲಿಯೂ ಕಚೇರಿಯ ಕಡತಗಳಲ್ಲಿಯೂ ‘ಆಕಸ್ಮಿಕ’, ‘ಅವಘಡ’, ‘ದುರಂತ’ ಎಂಬ ಮಾತುಗಳು ನಡೆಯುತ್ತಿರುವ ರೀತಿಯನ್ನು ಕಂಡು ಈ ನಾಲ್ಕು ಮಾತುಗಳನ್ನು ಬರೆಯಬೇಕಾಯಿತು.

ಅಕಸ್ಮಾತ್ ಎಂಬುದರಿಂದ ಆಕಸ್ಮಿಕವೆಂಬುದು ಸಿದ್ಧಿಸಿತು. ಕಸ್ಮಾತ್ ಎಂದರೆ ಯಾವುದರಿಂದ. ಅಕಸ್ಮಾತ್ ಎಂದರೆ ಯಾವುದರಿಂದಲೂ ಅಲ್ಲದೆ, ಕಾರಣವಿಲ್ಲದೆ. ಮುಳ್ಳಿನ ಮೊನೆಯನ್ನು ಯಾರೂ ಮಸೆದವರಿಲ್ಲ, ಅದರಂತೆಯೇ ಸಮಸ್ತವೂ ನಿಮಿತ್ತವಿಲ್ಲದೆ ಹುಟ್ಟುತ್ತದೆ ಎಂಬ ಪೂರ್ವಪಕ್ಷವನ್ನು ನ್ಯಾಯಸೂತ್ರದ ನಾಲ್ಕನೆಯ ಅಧ್ಯಾಯವು ಎತ್ತಿಕೊಂಡು ಖಂಡಿಸಿದೆ. ಉದಯನಾಚಾರ್ಯರು ನ್ಯಾಯಕುಸುಮಾಂಜಲಿಯ ಮೊದಲ ಸ್ತಬಕದಲ್ಲಿಯೇ ಈ ವಾದವನ್ನು ಮುರಿದಿದ್ದಾರೆ. ಶಾಸ್ತ್ರದಲ್ಲಿ ಸೋತ ಈ ವಾದವು ನಮ್ಮ ಕಡತಗಳಲ್ಲಿ ಗೆದ್ದು ಕುಳಿತಿರುವುದೇ ವಿಚಿತ್ರ!

1984ರ ಡಿಸೆಂಬರ್ ತಿಂಗಳಲ್ಲಿ ಭೋಪಾಲದಲ್ಲಿ ವಿಷಾನಿಲವು ಹೊರನುಗ್ಗಿ ಸಾವಿರಾರು ಮಂದಿ ಸತ್ತರು. ಅಲ್ಲಿ ವಿಷದ್ರವವನ್ನು ತಂಪಾಗಿಡಬೇಕಾದ ಯಂತ್ರವನ್ನು ತಿಂಗಳುಗಳ ಹಿಂದೆಯೇ ನಿಲ್ಲಿಸಿದ್ದರು. ಹೊರಬರುವ ಅನಿಲವನ್ನು ಸುಡಬೇಕಾದ ಗೋಪುರವು ದುರಸ್ತಿಯ ನೆಪದಲ್ಲಿ ನಿಷ್ಪ್ರಯೋಜಕವಾಗಿತ್ತು. 2010ರ ಮೇ 22ರಂದು ಮಂಗಳೂರಿನಲ್ಲಿ ವಿಮಾನವು ಕಣಿವೆಗೆ ಉರುಳಿ 158 ಮಂದಿ ಮಡಿದರು. ಇಳಿಯಬೇಡ, ಮತ್ತೆ ಮೇಲೇರು ಎಂದು ಸಹಚಾಲಕನು ಒಂದಕ್ಕಿಂತ ಹೆಚ್ಚು ಸಲ ಹೇಳಿದ್ದನೆಂದು ವಿಚಾರಣೆಯಲ್ಲಿ ಹೊರಬಿದ್ದಿತು. 2022ನೆಯ ಒಂದೇ ವರ್ಷದಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಮಂದಿ ಸತ್ತರೆಂದೂ ಅತಿವೇಗವೇ ಮುಖ್ಯ ಕಾರಣವೆಂದೂ ಸರಕಾರದ ವರದಿಯೇ ಹೇಳುತ್ತದೆ. ಇವುಗಳಲ್ಲಿ ‘ಅಕಸ್ಮಾತ್’ ಯಾವುದು?

ಕ್ರಿಯಾಪದಗಳ ಕಪಟವಾದರೋ ಇನ್ನೂ ಸೂಕ್ಷ್ಮವಾದುದು. ‘ಬಸ್ಸು ಹಳ್ಳಕ್ಕೆ ಬಿತ್ತು’, ‘ಬೆಂಕಿ ತಗಲಿತು’, ‘ಸಾವು ಸಂಭವಿಸಿತು’ ಎನ್ನುತ್ತೇವೆ. ಓಡಿಸಿದವನೂ ಬಾಗಿಲಿಗೆ ಬೀಗ ಹಾಕಿದವನೂ ವಾಕ್ಯದಿಂದ ಮಾಯವಾಗಿ, ಅಚೇತನವಾದ ಬಸ್ಸೇ ಕರ್ತೃವಾಗುತ್ತದೆ. ‘ಹತ್ತು ಮಂದಿ ಬಲಿಯಾದರು’ ಎಂದು ಬರೆಯುವವರು ಒಂದನ್ನು ಯೋಚಿಸಲಿ: ಬಲಿ ಎಂದರೆ ಒಬ್ಬನು ಕೊಡುವುದು, ಇನ್ನೊಬ್ಬನಿಗೆ ಸಲ್ಲುವುದು. ಹಾಗಾದರೆ ಕೊಟ್ಟವರು ಯಾರು? ಯಾರ ಲಾಭಕ್ಕಾಗಿ? ಇತ್ತ ಚೆಂಡಾಟದಲ್ಲಿ ಸೋತರೆ ಅದೂ ‘ದುರಂತ’ವೇ! ಮಕ್ಕಳು ಸುಟ್ಟುಹೋದಾಗಲೂ ಅದೇ ಪದವಾದರೆ, ಆ ಪದದಲ್ಲಿ ಇನ್ನು ಏನು ಉಳಿಯಿತು?

‘ವಿಧಿ ಎನ್ನುವುದೂ ತಪ್ಪೆ? ನೊಂದವರಿಗೆ ಅದೊಂದು ಸಮಾಧಾನವಲ್ಲವೆ?’ ಎಂದು ಕೆಲವರು ಆಕ್ಷೇಪಿಸುವರು. ಅಳುತ್ತಿರುವ ತಾಯಿಯು ವಿಧಿ ಎನ್ನಲಿ. ಆಕೆಯ ಬಾಯನ್ನು ತಡೆಯಲು ನಾವು ಯಾರು? ಆದರೆ ಅದೇ ಮಾತನ್ನು ಗುತ್ತಿಗೆದಾರನು ಎಂದರೆ ಅದು ಸಮಾಧಾನವಲ್ಲ, ತಪ್ಪಿಸಿಕೊಳ್ಳುವ ದಾರಿ. ವಿಚಾರಣೆಗೆ ಮೊದಲೇ ಯಾರನ್ನಾದರೂ ಅಪರಾಧಿಯೆನ್ನಿರಿ ಎಂದೂ ನಾನು ಹೇಳುವುದಿಲ್ಲ. ಕಾರಣ ತಿಳಿಯದಿದ್ದರೆ ‘ಕಾರಣ ತಿಳಿಯದು’ ಎಂದು ಬರೆಯಿರಿ. ‘ಕಾರಣವಿಲ್ಲ’ ಎಂದು ಬರೆಯಬೇಡಿರಿ. ಮೊದಲನೆಯದು ವಿಚಾರಣೆಗೆ ಬಾಗಿಲು ತೆರೆಯುತ್ತದೆ, ಎರಡನೆಯದು ಮುಚ್ಚುತ್ತದೆ.

ಇಷ್ಟು ನಿಷ್ಠುರವಾಗಿ ಬರೆಯಲು ನನಗೇನು ಅಧಿಕಾರ? ಅಧಿಕಾರವಲ್ಲ, ಋಣ. ನಾನು ಉಪಾಧ್ಯಾಯನಾಗಿದ್ದ ಒಂದು ಶಾಲೆಯ ಗೋಡೆಯಲ್ಲಿ ಬಿರುಕು ಬಿಟ್ಟಿತ್ತು. ನಾನೂ ಕಂಡಿದ್ದೆ, ಮೇಲಿನವರಿಗೆ ಎರಡು ಸಲ ಬರೆದು, ಉತ್ತರ ಬಾರದಿರಲು ಸುಮ್ಮನಾದೆ. ಆಷಾಢದ ಮಳೆಯಲ್ಲಿ ಅದು ಕುಸಿದು ಒಬ್ಬ ಹುಡುಗನು ಕಾಲು ಕಳೆದುಕೊಂಡನು. ‘ಗೋಡೆಯು ಆಕಸ್ಮಿಕವಾಗಿ ಬಿದ್ದಿತು’ ಎಂಬ ಪಂಚನಾಮೆಗೆ ಸಾಕ್ಷಿಯಾಗಿ ರುಜು ಹಾಕಿದವನು ನಾನೇ. ನಿತ್ಯವೂ ಕಾರಕ, ವಿಭಕ್ತಿಗಳನ್ನು ಬೋಧಿಸುತ್ತಿದ್ದವನು ಅಂದು ಕರ್ತೃವನ್ನು ನುಂಗಿದೆ. ಆ ಕರ್ತೃಗಳಲ್ಲಿ ನಾನೂ ಒಬ್ಬನಾಗಿದ್ದೆ.

ಆದುದರಿಂದ ನನ್ನ ವಿಜ್ಞಾಪನೆಯಿಷ್ಟೆ. ನಮ್ಮಲ್ಲಿ ಪದಗಳಿಗೆ ಬರವಿಲ್ಲ. ಸಂಸ್ಕೃತದಲ್ಲಿ ‘ಪ್ರಮಾದ’ವೆಂದರೆ ಎಚ್ಚರಗೇಡಿತನ, ನೆರೆಯ ತೆಲುಗರು ಅಪಘಾತಕ್ಕೆ ಇಂದಿಗೂ ಆ ಪದವನ್ನೇ ಬಳಸುತ್ತಾರೆ. ‘ಅತ್ಯಾಹಿತ’ಕ್ಕೆ ಅಮರಸಿಂಹನು ಮಹಾಭಯವೆಂಬ ಅರ್ಥದೊಡನೆ, ಜೀವವನ್ನು ಲೆಕ್ಕಿಸದ ಕೆಲಸವೆಂಬ ಅರ್ಥವನ್ನೂ ಕೊಟ್ಟಿದ್ದಾನೆ. ‘ಅಪಘಾತ’ದಲ್ಲಿಯೂ ಹೊಡೆಯುವ ಧಾತುವಿದೆ, ಘಾತವಿದ್ದಲ್ಲಿ ಘಾತುಕನನ್ನು ಹುಡುಕುವುದು ನ್ಯಾಯ. ಸಿಡಿಲು ಬಡಿದರೆ ಆಕಸ್ಮಿಕವೆನ್ನಿ, ಜಗಳವಿಲ್ಲ. ಬಿರುಕು ಬಿಟ್ಟ ಗೋಡೆ ಬಿದ್ದರೆ ಮಾತ್ರ ಹಾಗೆನ್ನದಿರಿ. ಆ ಹುಡುಗನು ಈಗ ನಡುವಯಸ್ಸಿನವನಾಗಿ, ಊರುಗೋಲನ್ನು ಹಿಡಿದು ಸಂತೆಗೆ ಬರುತ್ತಾನೆ. ಕಂಡಾಗಲೆಲ್ಲ ‘ಮೇಷ್ಟ್ರೇ, ನಮಸ್ಕಾರ’ ಎನ್ನುತ್ತಾನೆ. ಆ ನಮಸ್ಕಾರಕ್ಕೆ ಉತ್ತರವಾಗಿ ಈ ಲೇಖನವನ್ನು ಬರೆದಿದ್ದೇನೆ.