ಮಕ್ಕಳ ವಿಹಾರವೂ ಬೆಂಚಿನ ಮೇಲಿನವರೂ

ವಾರ್ಷಿಕ ಸಂಚಿಕೆಗೆ ಬರೆಯುವವರು ಪಂಪನನ್ನೋ ಪಂಚವಾರ್ಷಿಕ ಯೋಜನೆಯನ್ನೋ ಹಿಡಿದುಕೊಳ್ಳುವುದು ಹಿಂದಿನಿಂದ ನಡೆದುಬಂದ ರೂಢಿ. ಪಂಪನ ವಿಷಯವನ್ನು ನನಗಿಂತ ಚೆನ್ನಾಗಿ ಬಲ್ಲ ಗೆಳೆಯರಿದ್ದಾರೆ. ಪಂಚವಾರ್ಷಿಕ ಯೋಜನೆಗಳೋ 2017ಕ್ಕೇ ಮುಗಿದುಹೋದವು. ಆದುದರಿಂದ ನಾನು ಒಂದೇ ಒಂದು ದಿನದ ಯೋಜನೆಯ ಮಾತನ್ನು ಎತ್ತಿಕೊಂಡಿದ್ದೇನೆ. ಕೋರದಿಂದ ಮೂವರು ಚಿಕ್ಕ ಮಕ್ಕಳನ್ನು ಕರೆದುಕೊಂಡು ಥೀಮ್ ಪಾರ್ಕಿಗೆ ಹೋಗಿಬರುವುದು ಹೇಗೆ ಎಂಬುದೇ ಆ ಯೋಜನೆ. ವಿಷಯ ಹಗುರವೆಂದು ಅಧ್ಯಾಪಕರು ನಕ್ಕಾರು. ನಗಲಿ. ಆದರೆ ಈ ಕೆಲಸದಲ್ಲಿ ನಾನು ಒಮ್ಮೆ ಪೂರಾ ಸೋತವನು. ಸೋತವನ ಮಾತಿಗೂ ಸ್ವಲ್ಪ ಬೆಲೆಯಿರಬೇಕಲ್ಲವೆ?

ಶಿರಾ ರಸ್ತೆಯ ಕೋರ ನನ್ನ ಅಕ್ಕನನ್ನು ಕೊಟ್ಟ ಊರು. ಭಾವ ವಸಂತನರಸಾಪುರದ ಕಾರ್ಖಾನೆಯೊಂದರಲ್ಲಿ ಪಾಳಿಯ ಕೆಲಸ ಮಾಡುತ್ತಾರೆ. ಅಕ್ಕ ಬೇಸಿಗೆಯಲ್ಲಿ ಹುಣಸೆಹಣ್ಣು ಬಡಿದು ಬೀಜ ತೆಗೆಯುವ ಕೂಲಿಗೆ ಹೋಗುತ್ತಾಳೆ. ಹೋದ ವರ್ಷ ಆ ಕೂಲಿಯ ಹಣವನ್ನು ಅವಳು ಡಬ್ಬಿಯಲ್ಲಿ ಕೂಡಿಟ್ಟಿದ್ದಳು. ಅದಕ್ಕೆ ಕಾರಣ ನಾನೇ. ಎತ್ತರದಿಂದ ನೀರಿಗೆ ಧುಮುಕುವ ದೋಣಿಯೊಂದನ್ನು ಮೊಬೈಲಿನಲ್ಲಿ ಮಕ್ಕಳಿಗೆ ತೋರಿಸಿ, "ಇದರಲ್ಲಿ ನಿಮ್ಮನ್ನು ಕೂರಿಸುತ್ತೇನೆ" ಎಂದು ಭಾಷೆ ಕೊಟ್ಟುಬಿಟ್ಟಿದ್ದೆ. ದೊಡ್ಡ ಹುಡುಗನಿಗೆ ಆಗ ಒಂಬತ್ತು, ನಡುವಿನ ಹುಡುಗಿಗೆ ಆರು, ಚಿಕ್ಕದಕ್ಕೆ ಎರಡು ವರ್ಷ.

ಹೋದದ್ದು ಯಾವ ಉದ್ಯಾನಕ್ಕೆ ಎಂಬುದು ಬೇಡ, ತಪ್ಪು ಅವರದಲ್ಲ. ಕೋಳಿ ಕೂಗುವ ಹೊತ್ತಿಗೆ ಹೊರಟು ಮೂರು ಬಸ್ಸು ಬದಲಾಯಿಸಿ ಮಧ್ಯಾಹ್ನ ತಲುಪಿದೆವು. ದೋಣಿಯ ಬಾಗಿಲಲ್ಲಿ ಒಂದು ಕಂಬ, ಕಂಬದ ಮೇಲೆ ಒಂದು ಗೆರೆ. ಹುಡುಗಿ ಗೆರೆಗೆ ಎರಡು ಬೆರಳು ಕಡಿಮೆ ಇದ್ದಳು. ಅಲ್ಲಿದ್ದ ಹುಡುಗ ವಿನಯದಿಂದಲೇ ಆಗುವುದಿಲ್ಲವೆಂದ. ನಾನು ವಾದಿಸಿದೆ, ಆಮೇಲೆ ಬೇಡಿಕೊಂಡೆ. ಈಗ ಯೋಚಿಸಿದರೆ ಅವನು ಮಾಡಿದ್ದೇ ಸರಿ. ತೊಡೆಯ ಮೇಲೆ ಬಂದು ಕೂರುವ ಆ ಕಬ್ಬಿಣದ ಸರಳನ್ನು ಇಂತಿಷ್ಟು ದೇಹಕ್ಕೆಂದು ಲೆಕ್ಕಹಾಕಿ ಮಾಡಿರುತ್ತಾರೆ. ಅದಕ್ಕಿಂತ ಚಿಕ್ಕ ಮೈ ಇಳಿಜಾರಿನಲ್ಲಿ ಅದರ ಕೆಳಗಿಂದ ಜಾರಿಬಿಡಬಹುದು. ಗೆರೆ ಇರುವುದು ಮಗುವನ್ನು ಅವಮಾನಿಸುವುದಕ್ಕಲ್ಲ.

ಆದರೆ ಆರು ವರ್ಷದ ಹುಡುಗಿಗೆ ಇದನ್ನು ಹೇಳುವವರಾರು? ಅವಳು ಗಟ್ಟಿಯಾಗಿ ಅಳಲಿಲ್ಲ. ದೂರದ ಬೆಂಚಿನ ಮೇಲೆ ಕೂತಿದ್ದ ತಾಯಿಯ ಹತ್ತಿರ ಹೋಗಿ ಮಡಿಲಲ್ಲಿ ಮುಖ ಮುಚ್ಚಿಕೊಂಡಳು. ಆಗಲೇ ನಾನು ಅಕ್ಕನ ಕಡೆ ತಿರುಗಿ ನೋಡಿದ್ದು. ಮಧ್ಯಾಹ್ನದಿಂದ ಅವಳು ಅದೇ ಬೆಂಚಿನ ಮೇಲಿದ್ದಳು. ತೋಳಿನಲ್ಲಿ ನಿದ್ದೆಹೋದ ಚಿಕ್ಕದು, ಪಕ್ಕದಲ್ಲಿ ಚೀಲಗಳು, ಕಾಲ ಬಳಿ ನಮ್ಮೆಲ್ಲರ ಚಪ್ಪಲಿ. ಸಾಯಂಕಾಲ ಬಸ್ಸಿನಲ್ಲಿ, "ಏನೇನು ನೋಡಿದೆ ಅಕ್ಕಾ?" ಎಂದು ಕೇಳಿದೆ. "ನಿಮ್ಮ ಚಪ್ಪಲಿ ನೋಡ್ಕಂಡೆ ಕಣೋ" ಎಂದಳು. ಸಿಟ್ಟಿನಿಂದ ಹೇಳಿದ್ದಲ್ಲ, ನಕ್ಕುಕೊಂಡೇ ಹೇಳಿದಳು. ಹಣ ಅವಳದೆಂಬುದನ್ನು ಮತ್ತೊಮ್ಮೆ ನೆನಪಿಸುತ್ತೇನೆ.

ಈ ಬೆಂಚಿನ ಕಥೆ ನಮ್ಮ ಮನೆಯದೊಂದೇ ಅಲ್ಲವೆಂದು ಆಮೇಲೆ ತಿಳಿಯಿತು. ಅಮೆರಿಕದ ವಾಲ್ಟ್ ಡಿಸ್ನಿ ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಲಾಸ್ ಏಂಜಲೀಸಿನ ಗ್ರಿಫಿತ್ ಪಾರ್ಕಿಗೆ ಕರೆದುಕೊಂಡು ಹೋಗುತ್ತಿದ್ದನಂತೆ. ಮಕ್ಕಳು ಮರದ ಕುದುರೆಯೇರಿ ಗಿರಗಿರನೆ ಸುತ್ತುವರು. ತಂದೆ ಬೆಂಚಿನ ಮೇಲೆ ಸುಮ್ಮನೆ ಕೂತಿರುವನು. ಹೆತ್ತವರೂ ಮಕ್ಕಳೂ ಕೂಡಿ ಸಂತೋಷಪಡುವ ಒಂದು ಜಾಗ ಏಕಿರಬಾರದೆಂದು ಅಲ್ಲಿ ಹುಟ್ಟಿದ ಯೋಚನೆಯೇ ಮುಂದೆ ಡಿಸ್ನಿಲ್ಯಾಂಡ್ ಆಯಿತೆಂದು ಅವನೇ ಹೇಳುತ್ತಿದ್ದ. ಅದು 1955ರ ಜುಲೈ 17ರಂದು ತೆರೆಯಿತು. ಆ ದಿನ ಅವನ ಯೋಜನೆಯೂ ಸ್ವಲ್ಪ ಮುಗ್ಗರಿಸಿತು. ಕೊಳಾಯಿ ಕೆಲಸದವರ ಮುಷ್ಕರದಿಂದಾಗಿ ಕುಡಿಯುವ ನೀರಿನ ನಲ್ಲಿಗಳು, ಶೌಚಾಲಯಗಳು ಎರಡನ್ನೂ ಸಿದ್ಧಪಡಿಸಲಾಗಲಿಲ್ಲ. ಡಿಸ್ನಿ ಶೌಚಾಲಯಗಳನ್ನೇ ಆರಿಸಿಕೊಂಡ. ಚಿಕ್ಕ ಮಕ್ಕಳಿರುವ ಮನೆಯವರಿಗೆ ಆ ತೀರ್ಮಾನದ ಮರ್ಮ ಕೂಡಲೇ ಅರ್ಥವಾಗುತ್ತದೆ.

ಅಂದರೆ ಬೆಂಚಿನ ಬೇಸರ ನೀಗುವುದಕ್ಕೆಂದೇ ಹುಟ್ಟಿದ್ದು ಈ ಥೀಮ್ ಪಾರ್ಕು. ಅಲ್ಲಿಗೇ ಹೋಗಿ ತಾಯಂದಿರನ್ನು ನಾವು ಮತ್ತೆ ಬೆಂಚಿಗೆ ಕೂರಿಸಿ ಬರುತ್ತೇವೆ. ನನ್ನ ಅಭಿಪ್ರಾಯವಿಷ್ಟೆ: ಇಂಥ ಪ್ರವಾಸದ ಯೋಜನೆಯನ್ನು ನನ್ನಂಥ ಉತ್ಸಾಹಿ ಮಾಮಂದಿರಿಂದ ಆರಂಭಿಸಬಾರದು, ಕೊನೆಗೆ ಬೆಂಚಿನ ಮೇಲೆ ಉಳಿಯುವವರಿಂದ ಆರಂಭಿಸಬೇಕು.

ಈ ವರ್ಷ ಹಾಗೆಯೇ ಮಾಡಿದ್ದೇವೆ. ಹೋಗಬೇಕೆಂದಿರುವುದು ಬಿಡದಿಯ ಬಳಿಯ ವಂಡರ್‌ಲಾಗೆ. ಕೇರಳದ ಕೊಚೌಸೆಫ್ ಚಿಟ್ಟಿಲಪ್ಪಿಳ್ಳಿಯವರು 2000ದಲ್ಲಿ ಕೊಚ್ಚಿಯಲ್ಲಿ ಇಂಥದೊಂದು ಉದ್ಯಾನವನ್ನು ತೆರೆದು, 2005ರಲ್ಲಿ ಬಿಡದಿಯದನ್ನು ಆರಂಭಿಸಿದರು. ಅಲ್ಲಿ ಮಕ್ಕಳ ಟಿಕೆಟ್ಟಿನ ದರವೂ ವಯಸ್ಸಿನ ಮೇಲಲ್ಲ, ಎತ್ತರದ ಮೇಲೆ. ಆದುದರಿಂದ ಮೊದಲ ಕೆಲಸವಾಗಿ ಮೂವರನ್ನೂ ಅಡಿಗೆಮನೆಯ ಬಾಗಿಲ ಚೌಕಟ್ಟಿಗೆ ನಿಲ್ಲಿಸಿ, ತಲೆಯ ಮೇಲೆ ಪುಸ್ತಕವಿಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆದೆ. (ಪುಸ್ತಕ ನಮ್ಮ ಅರ್ಥಶಾಸ್ತ್ರದ ಪಠ್ಯ, ಅದು ಇಷ್ಟು ಉಪಯೋಗಕ್ಕೆ ಬಂದದ್ದು ಇದೇ ಮೊದಲು.) ಯಾವ ಆಟಕ್ಕೆ ಎಷ್ಟು ಎತ್ತರ ಬೇಕೆಂದು ಮನೆಯಲ್ಲೇ ನೋಡಿಕೊಂಡು, ಸಿಗದ ಆಟದ ಹೆಸರನ್ನೇ ಮಕ್ಕಳ ಮುಂದೆ ಎತ್ತಲಿಲ್ಲ. ಮಗುವಿಗೆ ಬೇಕಾದರೆ ಊರನ್ನು ತೋರಿಸುತ್ತೇನೆಂದು ಭಾಷೆ ಕೊಡಿ, ಇಂಥದೇ ದೋಣಿ ಎಂದು ಮಾತ್ರ ಕೊಡಬೇಡಿ.

ಇನ್ನು ದಾರಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳು ಉಚಿತವಾದ ಮೇಲೆ ಅಕ್ಕನಿಗೂ ಹುಡುಗಿಗೂ ಖರ್ಚಿಲ್ಲ. ಚಿಕ್ಕದಕ್ಕೆ ಆರು ತುಂಬದ್ದರಿಂದ ಟಿಕೆಟ್ಟೇ ಇಲ್ಲ, ದೊಡ್ಡವನಿಗೆ ಅರ್ಧ. ಪೂರ್ತಿ ಕೊಡುವವರು ಭಾವ ಮತ್ತು ನಾನು. ಮೆಟ್ರೋ ರೈಲು 2024ರ ನವೆಂಬರಿನಿಂದ ನಮ್ಮ ತುಮಕೂರು ರಸ್ತೆಯ ಮಾದಾವರದವರೆಗೂ ಬಂದಿದೆ. ಅಲ್ಲಿ ಹತ್ತಿ ಮೆಜೆಸ್ಟಿಕ್ಕಿನಲ್ಲಿ ಬದಲಾಯಿಸಿದರೆ ಮೈಸೂರು ರಸ್ತೆಯ ಚಲ್ಲಘಟ್ಟದಲ್ಲಿ ಇಳಿಯಬಹುದು. ಅದಕ್ಕೆ ಹಣ ಕೊಡಬೇಕು, ನಿಜ; ಆದರೆ ಊರೊಳಗಿನ ವಾಹನಗಳ ನೂಕುನುಗ್ಗಲಿನಲ್ಲಿ ಸಿಕ್ಕಿಬಿದ್ದ ಬಸ್ಸಿನಲ್ಲಿ "ಮಾಮ, ಒಂದಕ್ಕೆ" ಎಂಬ ಕೂಗು ಕೇಳುವುದಕ್ಕಿಂತ ಅದು ಮೇಲು. ಎಲ್ಲಕ್ಕಿಂತ ಮುಖ್ಯವಾದದ್ದು, ಹಿಂದಿನ ದಿನ ಸಂಜೆಯೇ ಹೊರಟು ಕೆಂಗೇರಿಯ ನೆಂಟರ ಮನೆಯಲ್ಲಿ ಮಲಗುವುದು. ಅವರಿಗೆ ನಾಲ್ಕು ತೆಂಗಿನಕಾಯಿ, ಒಂದು ಉಂಡೆ ಹುಣಸೆಹಣ್ಣು ಕೊಟ್ಟರೆ ಋಣವೂ ಉಳಿಯದು. ನಿದ್ದೆಗೆಟ್ಟ ಮಗುವಿಗೆ ಯಾವ ಸ್ವರ್ಗವೂ ಬೇಡ.

ಭಾನುವಾರ ಭಾವನಿಗೆ ರಜ, ಆದರೆ ಆ ದಿನ ದರವೂ ಹೆಚ್ಚು, ಜನವೂ ಹೆಚ್ಚು. ದಸರಾ ರಜೆಯಲ್ಲಿ ವಾರದ ನಡುವಿನ ಒಂದು ದಿನವನ್ನು ಆರಿಸಿ ಭಾವ ಒಂದು ರಜ ಹಾಕುವುದೆಂದು ಗೊತ್ತಾಯಿತು. ಅಲ್ಲಿ ಚಿಕ್ಕದನ್ನು ಎತ್ತಿಕೊಳ್ಳುವ ಸರದಿ ಗಂಟೆಗೊಬ್ಬರದು. ಡಿಸ್ನಿಯವರ ಉದ್ಯಾನಗಳಲ್ಲಿ ತಂದೆ ಆಟ ಮುಗಿಸಿ ಬಂದ ಮೇಲೆ ಮಗುವನ್ನು ಅವನ ಕೈಗೆ ಕೊಟ್ಟು, ತಾಯಿ ಮತ್ತೆ ಸಾಲು ನಿಲ್ಲದೆ ಹೋಗುವ ಏರ್ಪಾಡಿದೆ. ನಮ್ಮಲ್ಲಿ ಸಾಲು ನಿಲ್ಲಬೇಕಾದರೂ ಚಿಂತೆಯಿಲ್ಲ. ಮಗುವನ್ನು ಇಸಿದುಕೊಳ್ಳುವ ಬುದ್ಧಿ ಗಂಡಸರಿಗಿದ್ದರೆ ಸಾಕು.

ಹಾಸ್ಟೆಲಿನ ಗೆಳೆಯನೊಬ್ಬ ಇದನ್ನೆಲ್ಲ ಕೇಳಿ, "ಇಷ್ಟು ಸಾವಿರ ಸುರಿಯುವ ಬದಲು ನಾಮದ ಚಿಲುಮೆಗೆ ಕರೆದುಕೊಂಡು ಹೋಗಬಾರದೇನೋ?" ಎಂದ. ಮಾತಿನಲ್ಲಿ ಅರ್ಧ ಸತ್ಯವಿದೆ. ರಾಮ ಬಾಣ ಬಿಟ್ಟು ನೀರು ತರಿಸಿದನೆನ್ನುವ ಆ ಬಂಡೆಯ ಸೆಲೆ, ಅದರ ಬಳಿಯ ಜಿಂಕೆಗಳು, ಮೇಲೆ ದೇವರಾಯನದುರ್ಗ – ಮೂರು ವರ್ಷದ ಮಗುವಿಗೆ ಇದಕ್ಕಿಂತ ಹೆಚ್ಚಿನದೇನೂ ಬೇಕಿಲ್ಲ, ಅಲ್ಲಿ ಯಾರೂ ಅದರ ಎತ್ತರ ಅಳೆಯುವುದೂ ಇಲ್ಲ. ಮನೆಯ ಮಕ್ಕಳೆಲ್ಲ ಅಷ್ಟು ಚಿಕ್ಕವರಾಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ಹಳ್ಳಿಯ ಮಕ್ಕಳಿಗೆ ಬೆಟ್ಟ ಸಾಕು, ದೋಣಿ ಪೇಟೆಯವರಿಗೆ ಎಂಬ ಧ್ವನಿ ಆ ಮಾತಿನ ಹಿಂದೆ ಇದ್ದರೆ, ಅದನ್ನು ನಾನು ಒಪ್ಪಲಾರೆ. ಹುಣಸೆಬೀಜದ ಕೂಲಿಯಿಂದ ನೀರಿನಾಟ ಆಡಬಾರದೆಂದು ಯಾರು ಹೇಳಿದರು?

ಉಳಿದದ್ದು ಬಟ್ಟೆಯ ಪ್ರಶ್ನೆ. ನಿಜವಾಗಿ ಕಷ್ಟದ್ದು ಇದೊಂದೇ. ಅಲ್ಲಿಯ ಕೊಳಗಳಿಗೆ ಸೀರೆಯುಟ್ಟಾಗಲಿ ಹತ್ತಿಬಟ್ಟೆಯಲ್ಲಾಗಲಿ ಇಳಿಯುವಂತಿಲ್ಲ, ಈಜಿಗೆಂದೇ ಮಾಡಿದ ನೈಲಾನ್ ಬಟ್ಟೆ ಬೇಕು. "ನಾನು ಅದನ್ನೆಲ್ಲ ಹಾಕ್ಕಳಾದಿಲ್ಲ, ದಡದಲ್ಲೇ ಕೂತಿರ್ತೀನಿ ಬಿಡು" ಎಂದಳು ಅಕ್ಕ. ಮತ್ತೆ ಬೆಂಚು! ಭಾವ ಏನೂ ಹೇಳಲಿಲ್ಲ. ಮರುವಾರ ಪಾಳಿ ಮುಗಿಸಿ ತುಮಕೂರಿಗೆ ಹೋಗಿ, ಎಂ. ಜಿ. ರಸ್ತೆಯ ಅಂಗಡಿಯಿಂದ ಮೊಣಕೈವರೆಗೆ ತೋಳು, ಕಣಕಾಲವರೆಗೆ ಷರಾಯಿ ಇರುವ ಒಂದು ಜೊತೆ ತಂದು, ಪೊಟ್ಟಣ ಬಿಚ್ಚದೆ ಅವಳ ಮುಂದಿಟ್ಟರು.

ಈ ಲೇಖನ ಅಚ್ಚಾಗುವ ವೇಳೆಗೆ ದಸರಾ ರಜೆ ಕಳೆದಿರುತ್ತದೆ. ಇದನ್ನು ಬರೆಯುತ್ತಿರುವ ಇಂದು ಇನ್ನೂ ಎರಡು ವಾರ ಬಾಕಿಯಿದೆ. ಹುಡುಗಿ ದಿನವೂ ಚೌಕಟ್ಟಿನ ಗೆರೆಗೆ ತಲೆ ತಾಗಿಸಿ ನೋಡುತ್ತಾಳೆ, ಹಿಮ್ಮಡಿ ಎತ್ತದಂತೆ ನಾನು ಕಾವಲು. ಪೊಟ್ಟಣ ಅಕ್ಕನ ಪೆಟ್ಟಿಗೆಯಲ್ಲಿ ಸೀರೆಗಳ ಕೆಳಗಿದೆ. ಅವಳು ಇನ್ನೂ ಹೂಂ ಎಂದಿಲ್ಲ. ಆದರೆ ನಿನ್ನೆ ರಾತ್ರಿ, ಕೊಳದ ನೀರು ಎಷ್ಟು ಆಳವಿರುತ್ತದೆಂದು ಭಾವನನ್ನು ಕೇಳುತ್ತಿದ್ದಳು.